ಚಪ್ಪಾಳೆ ಬಿದ್ದ ನಿಜ

"ಒಂದು ಸುಳ್ಳು ಹೇಳಿ."

ಅವನು ಅವಳಿಗೆ ಆಡಿದ ಮೊದಲ ಮಾತು ಅದು!

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಪಾಳಿ ಮುಗಿಸಿ ಓಡಿ ಬಂದಿದ್ದಳು. ಇಡೀ ದಿನ ರಬ್ಬರ್ ಗ್ಲೌಸಿನೊಳಗಿದ್ದ ಬೆರಳ ತುದಿಗಳು ನೆನೆದ ಕಾಗದದಂತೆ ಮುದುಡಿದ್ದವು. ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆಂಬುಲೆನ್ಸ್ ಡ್ರೈವರ್, ಎಕ್ಸ್‌ರೇ ತೆಗೆಯುವವನು, ಬಿಲ್ ಕೌಂಟರಿನ ಅಕ್ಕ, ವಾರ್ಡಿನ ಆಯಾಗಳು...

ಬಿಳಿ ಹಲಗೆಯ ಮುಂದೆ ಮಾರ್ಕರ್ ಹಿಡಿದು ನಿಂತಿದ್ದವನು ಹೊಸ ಇಂಗ್ಲಿಷ್ ಮೇಷ್ಟ್ರು.

"ಏನಂದ್ರಿ?" ಎಂದಳು.

"ತಡವಾಗಿ ಬಂದವರು ಒಂದು ಸುಳ್ಳು ಹೇಳಿ ಕೂತ್ಕೋಬೇಕು. ಇಂಗ್ಲಿಷಲ್ಲಿ."

"ನಂಗೆ ನಿಜ ಹೇಳೋಕೇ ಇಂಗ್ಲಿಷ್ ಬರಲ್ಲ! ಇನ್ನು ಸುಳ್ಳು ಬೇರೆ!"

ಎಲ್ಲರೂ ನಕ್ಕರು. ಅವನು ನಗಲಿಲ್ಲ.

"ಅದಕ್ಕೇ ಸುಳ್ಳು. ನಿಜ ಹೇಳೋಕೆ ಹೋದ್ರೆ ಯೋಚನೆ ಬರುತ್ತೆ, ನಾಚಿಕೆ ಬರುತ್ತೆ. ಮನೆ ವಿಷಯ ಎಲ್ಲರ ಮುಂದೆ ಯಾಕೆ ಅನ್ನಿಸುತ್ತೆ, ನಾಲಿಗೆ ನಿಂತುಹೋಗುತ್ತೆ. ಸುಳ್ಳಿಗೆ ಆ ಕಷ್ಟ ಇಲ್ಲ. ಈ ಕೋಣೆಯಲ್ಲಿ ಹೇಳೋ ವಾಕ್ಯ ಎಲ್ಲ ಸುಳ್ಳೇ ಆಗಿರಬೇಕು. ಸರಿಯಾಗಿ ಹೇಳಿದ್ರೆ ಚಪ್ಪಾಳೆ."

ಹಲಗೆಯ ಮೇಲೆ ಎರಡು ಪದಗಳಿದ್ದವು. ಲುಕ್. ಆಫ್ಟರ್.

"ಲುಕ್ ಅಂದ್ರೆ ನೋಡು. ಆಫ್ಟರ್ ಅಂದ್ರೆ ಆಮೇಲೆ. ಎರಡೂ ಸೇರಿದ್ರೆ 'ಆಮೇಲೆ ನೋಡು' ಅಂತ ಅಲ್ಲ."

"ನಮ್ಮ ಆಫೀಸಲ್ಲಿ ಅದೇ ಅರ್ಥ ಮೇಷ್ಟ್ರೇ!" ಎಂದ ಡ್ರೈವರ್. "ಏನು ಕೇಳಿದ್ರೂ ಆಮೇಲೆ ನೋಡೋಣ ಅಂತಾರೆ."

"ಸೇರಿದ್ರೆ 'ನೋಡಿಕೊಳ್ಳು' ಅಂತ. ಮಗುವನ್ನ, ರೋಗಿಯನ್ನ ನೋಡಿಕೊಳ್ಳೋದು. ಹೇಳಿ, ನೀವು ಯಾರನ್ನ ನೋಡ್ಕೋತೀರಾ?"

ಅಮ್ಮನನ್ನು. ಬಾಯಿಗೆ ಬಂದದ್ದು ಅದೇ. ಆದರೆ ಅದು ನಿಜವಾಗಿತ್ತು.

"ಐ ಲುಕ್ ಆಫ್ಟರ್... ಅ ಟೈಗರ್," ಎಂದಳು.

ಚಪ್ಪಾಳೆಯೋ ಚಪ್ಪಾಳೆ! ಆಗ ಅವನು ಮೊದಲ ಬಾರಿಗೆ ನಕ್ಕ. ಗಂಭೀರ ಮುಖದವರು ನಕ್ಕರೆ ಇಷ್ಟು ಬದಲಾಗುತ್ತಾರೆಯೇ ಎಂದುಕೊಂಡು ಅವಳು ಕುರ್ಚಿ ಎಳೆದುಕೊಂಡಳು.

*

ಹೊರದೇಶದಿಂದ ತಪಾಸಣೆಯವರು ಬರುವವರಿದ್ದರು. ಅವರು ಯಾರನ್ನು ಬೇಕಾದರೂ ನಿಲ್ಲಿಸಿ ಪ್ರಶ್ನೆ ಕೇಳುತ್ತಾರಂತೆ. ಅದಕ್ಕೇ ಗುರುವಾರದ ಈ ಕ್ಲಾಸು.

ಅವಳ ಕೆಲಸ ನೆಲಮಾಳಿಗೆಯಲ್ಲಿ. ಆಪರೇಷನ್‌ನಲ್ಲಿ ಬಳಸಿದ ಕತ್ತರಿ, ಇಕ್ಕಳಗಳು ಒಂದು ಪುಟ್ಟ ಕಿಟಕಿಯಿಂದ ಒಳಗೆ ಬರುತ್ತವೆ. ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮೇಲೆ ಗೋಡೆಯ ಆಚೆ ಬದಿಯ ಇನ್ನೊಂದು ಕಿಟಕಿಯಿಂದ ಹೊರಗೆ ಹೋಗುತ್ತವೆ. ಕೊಳೆ ಕಿಟಕಿಯಿಂದ ಬಂದದ್ದು ಅದೇ ಕಿಟಕಿಯಿಂದ ವಾಪಸ್ ಹೋಗುವಂತಿಲ್ಲ. ಅಲ್ಲಿನವರು ಅವಳನ್ನು 'ಕತ್ತರಿ' ಎಂದು ಕರೆಯುತ್ತಿದ್ದರು. ಕೆಲಸಕ್ಕೂ ಹೌದು, ನಾಲಿಗೆಗೂ ಹೌದು.

ಮದುವೆ ಆಗಿರಲಿಲ್ಲ. ಅಪ್ಪ ಹೋದ ಮೇಲೆ ಅಣ್ಣ ಬೇರೆ ಊರಲ್ಲಿ, ಅಕ್ಕ ಇನ್ನೂ ದೂರದಲ್ಲಿ. ಅಮ್ಮನ ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿತ್ತು. ಮಂಚದ ಪಕ್ಕ ಆಮ್ಲಜನಕದ ಮಷೀನು ಗುಂಯ್ಗುಡುತ್ತಲೇ ಇರುತ್ತಿತ್ತು.

ಗುರುವಾರ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಒಳಗಿಂದ ಕ್ಷೀಣ ದನಿ ಕೇಳುತ್ತಿತ್ತು.

"ಇವತ್ತು ಯಾವ ಸುಳ್ಳೇ?"

"ಟೇಕ್ ಆಫ್ಟರ್ ಅಂತ. ಅಂದ್ರೆ ಹೋಲೋದು. ನಾನು ನಮ್ಮಪ್ಪನ್ನ ಹೋಲ್ತೀನಿ, ಅವರಿಗೂ ಹೀಗೇ ಗಡ್ಡ ಇತ್ತು ಅಂತ ಬಿಲ್ ಕೌಂಟರ್ ಅಕ್ಕ ಹೇಳಿದ್ಳು!"

ಅಮ್ಮ ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು. ಕೆಮ್ಮು ನಿಲ್ಲುವವರೆಗೆ ಅವಳು ಬೆನ್ನು ನೀವುತ್ತಿದ್ದಳು. ನಗಿಸಿದ್ದು ತಪ್ಪಾಯಿತೇನೋ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದಳು, ಮತ್ತೆ ನಗಿಸುತ್ತಿದ್ದಳು.

ಒಂದು ಗುರುವಾರ ಹಲಗೆಯ ಮೇಲೆ 'ಫಾಲ್ ಫಾರ್' ಇತ್ತು.

"ಫಾಲ್ ಅಂದ್ರೆ ಬೀಳು. ಇದು ಕಾಲು ಜಾರಿ ಬೀಳೋದಲ್ಲ. ಒಬ್ಬರಿಗೆ ಮನಸ್ಸು ಸೋಲೋದು," ಎಂದ ಮೇಷ್ಟ್ರು. "ಮೊದಲ ಉದಾಹರಣೆ ನಾನೇ ಹೇಳ್ತೀನಿ. ಐ ಹ್ಯಾವ್ ಫಾಲನ್ ಫಾರ್ ಸಮ್‌ಒನ್ ಇನ್ ದಿಸ್ ಹಾಸ್ಪಿಟಲ್. ಈ ಆಸ್ಪತ್ರೆಯಲ್ಲಿ ಒಬ್ಬರಿಗೆ ನಾನು ಮನಸೋತಿದೀನಿ."

"ಯಾರು ಮೇಷ್ಟ್ರೇ? ಕ್ಯಾಂಟೀನ್ ಅಜ್ಜೀನಾ?" ಎಂದ ಡ್ರೈವರ್.

ಕೋಣೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ಶುರುವಾಯಿತು. ಅವಳೂ ತಟ್ಟಿದಳು, ಎಲ್ಲರಿಗಿಂತ ಜೋರಾಗಿ. ಎದೆಯಲ್ಲಿ ಏನೋ ಛಳಕ್ಕೆಂದದ್ದು ಮುಖದಲ್ಲಿ ಕಾಣಬಾರದಲ್ಲ!

*ಸುಳ್ಳು ತಾನೇ... ಇಲ್ಲಿ ಹೇಳೋದೆಲ್ಲ ಸುಳ್ಳು.*

ಮನೆಯಲ್ಲಿ ಅದನ್ನೂ ಹೇಳಿದಳು. ಅಮ್ಮ ಈ ಸಲ ನಗಲಿಲ್ಲ.

"ಅದು ಸುಳ್ಳಲ್ಲ ಕಣೇ."

"ಸುಮ್ನಿರಮ್ಮ! ಸುಳ್ಳು ಹೇಳಿಕೊಡೋದೇ ಆತನ ಕಸುಬು."

"ಮೋಸಗಾರ ಯಾವತ್ತೂ 'ನಿಜ ಹೇಳ್ತೀನಿ' ಅಂತಲೇ ಶುರು ಮಾಡೋದು. ಸುಳ್ಳು ಹೇಳ್ತೀನಿ ಅಂತ ಸಾರಿ ಹೇಳೋನ ಮಾತನ್ನ ಸ್ವಲ್ಪ ತೂಗಿ ನೋಡು..." ಅಷ್ಟಕ್ಕೇ ಅಮ್ಮನಿಗೆ ಏದುಸಿರು ಬಂತು.

*

ಆ ಏದುಸಿರು ಮತ್ತೆ ಇಳಿಯಲಿಲ್ಲ. ಅಮ್ಮ ಅವಳದೇ ಆಸ್ಪತ್ರೆಯ ಐಸಿಯು ಸೇರಿದಳು. ಗಂಟಲಿಗೆ ಕೊಳವೆ ಹಾಕಿ ಮಷೀನಿಗೆ ಜೋಡಿಸಿದರು.

ವಿಷಯ ಗೊತ್ತಿದ್ದದ್ದು ಅವಳ ವಿಭಾಗದ ಇನ್‌ಚಾರ್ಜ್ ಅಮ್ಮನಿಗೆ ಮಾತ್ರ. ಮನೆಯ ನೋವನ್ನು ಊರಿಗೆಲ್ಲ ಹಂಚುವ ಅಭ್ಯಾಸ ಅವಳಿಗಿರಲಿಲ್ಲ. ಕೆಲಸಕ್ಕೂ ಬರುತ್ತಿದ್ದಳು. ಮನೆಯಲ್ಲಿ ಕೂತು ಮಾಡುವುದೇನು?

ಐಸಿಯು ಟ್ರೇ ಕಿಟಕಿಗೆ ಬಂದ ಬೆಳಿಗ್ಗೆ ಅವಳೇ ಅದನ್ನು ಎತ್ತಿಕೊಂಡಳು. ಅದರಲ್ಲಿ ಕೊಳವೆ ಹಾಕುವಾಗ ನಾಲಿಗೆ ಎತ್ತಿ ಹಿಡಿಯುವ ಬಾಗಿದ ಉಕ್ಕಿನ ಬ್ಲೇಡ್ ಇತ್ತು. ಹಿಂದಿನ ದಿನ ಆ ವಾರ್ಡಿನಲ್ಲಿ ಕೊಳವೆ ಹಾಕಿದ್ದು ಒಬ್ಬರಿಗೇ. ಬ್ಲೇಡಿನ ಅಂಚಿನಲ್ಲಿ ಒಣಗಿದ ಎಂಜಲು, ಒಂದಿಷ್ಟು ರಕ್ತ.

ಯಾರನ್ನೂ ಕರೆಯಲಿಲ್ಲ. ತಣ್ಣೀರಲ್ಲಿ ಹಿಡಿದು ಬ್ರಷ್ಷಿನಿಂದ ಉಜ್ಜಿದಳು. ಎಲ್ಲ ಟ್ರೇಗಳನ್ನು ತೊಳೆಯುವ ಹಾಗೆಯೇ ತೊಳೆದಳು. ಕೈ ನಡುಗಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಅಣ್ಣ ಬಂದ. ಅಕ್ಕ ರಾತ್ರಿ ರೈಲಿಗೆ ಹೊರಡುವವಳಿದ್ದಳು. ಗುರುವಾರ ಮಧ್ಯಾಹ್ನ ಐಸಿಯು ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡರು.

"ಮಷೀನು ಉಸಿರು ತಳ್ತಾ ಇದೆ. ಒಳಗೆ ತಗೊಳ್ಳೋ ಶಕ್ತಿ ಉಳಿದಿಲ್ಲ. ಇನ್ನು ನಾವು ಮಾಡೋದೆಲ್ಲ ಅವರಿಗೆ ಹಿಂಸೆ. ನೀವು ಒಪ್ಪಿದ್ರೆ... ನಿಮ್ಮಕ್ಕ ಬಂದ ಮೇಲೆ, ಬೆಳಿಗ್ಗೆ ತೆಗೀತೀವಿ."

ಅಣ್ಣ ನೆಲ ನೋಡುತ್ತ ತಲೆಯಾಡಿಸಿದ. ಡಾಕ್ಟರಮ್ಮ ಅವಳ ಕಡೆ ತಿರುಗಿದರು.

ಅವಳೂ ತಲೆಯಾಡಿಸಿದಳು.

ಅಮ್ಮನನ್ನು ಯಾರೂ ಕೇಳಲಿಲ್ಲ. ಪ್ರಜ್ಞೆ ಇಲ್ಲದವಳನ್ನು ಕೇಳುವುದಾದರೂ ಹೇಗೆ?

"ಪುಟ್ಟಿ, ಬೆಳಿಗ್ಗೆಯಿಂದ ನಿಂತೇ ಇದೀಯ. ಎಲ್ಲಾದ್ರೂ ಹೋಗಿ ಸ್ವಲ್ಪ ಕೂತ್ಕೋ. ನಾನಿರ್ತೀನಿ," ಎಂದ ಅಣ್ಣ.

ಕೂತುಕೊಳ್ಳಲು ಎಲ್ಲಿಗೆ ಹೋಗಬೇಕು? ಯಾರಿಗಾದರೂ ಹೇಳಬೇಕು ಅನ್ನಿಸಿತು. ಒಬ್ಬರಿಗಾದರೂ. *ನಾನು ತಲೆಯಾಡಿಸಿದೆ ಅಂತ.* ಅಣ್ಣನಿಗೆ ಹೇಳುವಂತಿಲ್ಲ, ಅವನೂ ತಲೆಯಾಡಿಸಿದವನೇ. ಕಾಲುಗಳು ತಾವಾಗಿಯೇ ಮೀಟಿಂಗ್ ಕೋಣೆಗೆ ನಡೆದವು.

ಹಲಗೆಯ ಮೇಲೆ ಮೂರು ಪದಗಳಿದ್ದವು. ಗಿವ್. ಅಪ್. ಆನ್.

"ಗಿವ್ ಅಂದ್ರೆ ಕೊಡು, ಅಪ್ ಅಂದ್ರೆ ಮೇಲೆ. ಹಾಗಂತ ಇದು ಮೇಲೆತ್ತಿ ಕೊಡೋದಲ್ಲ," ಎನ್ನುತ್ತಿದ್ದ ಮೇಷ್ಟ್ರು. "ನಮ್ಮಲ್ಲೂ ಹೀಗೇ ಅಲ್ವಾ? ಕೈ ಒಂದೇ. ಕೈಹಿಡಿದ್ರೆ ಮದುವೆ, ಕೈಕೊಟ್ರೆ ಮೋಸ..."

"ನಮ್ಮನೇಲಿ ಕೈಹಿಡಿದವಳು ತಲೆ ತಿಂತಾಳೆ ಮೇಷ್ಟ್ರೇ!" ಎಂದ ಡ್ರೈವರ್.

"ಕೈಬಿಟ್ರೆ?" ಎಂದು ಕೇಳಿದ ಮೇಷ್ಟ್ರು ತಾನೇ ಉತ್ತರ ಕೊಟ್ಟ. "ಅದೇ ಗಿವ್ ಅಪ್ ಆನ್. ಒಬ್ಬರ ಮೇಲಿನ ಆಸೆ ಬಿಟ್ಟು ಕೈಬಿಡೋದು. ಕೊನೇಲಿ 'ಆನ್' ಮರೀಬೇಡಿ. ಎಲ್ಲರೂ ಅಲ್ಲೇ ಎಡವೋದು. ಯಾರು ಹೇಳ್ತೀರಾ?"

ಅವಳು ಎದ್ದು ನಿಂತಳು. ಕೇಳದೆಯೇ ಎದ್ದದ್ದು ಅದೇ ಮೊದಲು.

"ವಿ ಹ್ಯಾವ್ ಗಿವನ್ ಅಪ್... ಆನ್... ಅವರ್ ಮದರ್."

ನಾವು ನಮ್ಮಮ್ಮನ ಕೈಬಿಟ್ಟೆವು.

ಅವನ ಮುಖ ಅರಳಿತು!

"ವೆರಿ ಗುಡ್! ಕೇಳಿದ್ರಾ? ಒಂದೂ ತಪ್ಪಿಲ್ಲ!"

ಅವನೇ ಮೊದಲು ಚಪ್ಪಾಳೆ ತಟ್ಟಿದ. ಹಿಂದೆಯೇ ಎಲ್ಲರೂ ತಟ್ಟಿದರು.

"ಎಂಥಾ ಸುಳ್ಳು ಹೊಡೆದೆ ಕತ್ತರಿ!" ಎಂದು ಡ್ರೈವರ್ ಮೇಜು ಗುದ್ದಿದ.

ಅವಳು ನಿಂತೇ ಇದ್ದಳು. ಚಪ್ಪಾಳೆ ನಿಂತಿತು. ಆಮೇಲೆ ಚೀಲ ಎತ್ತಿಕೊಂಡು ಹೊರನಡೆದಳು. ಬಾತ್‌ರೂಮಿಗೆ ಹೋಗುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು.

ಮರುದಿನ ಬೆಳಿಗ್ಗೆ ಅಕ್ಕ ಬಂದಳು. ಮಷೀನು ತೆಗೆದರು. ಅಮ್ಮ ಸ್ವಲ್ಪ ಹೊತ್ತು ತಾನಾಗಿ ಉಸಿರಾಡಿದಳು. ಆಮೇಲೆ ಉಸಿರಾಡಲಿಲ್ಲ.

*

ಅಣ್ಣ, ಅಕ್ಕ ವಾಪಸ್ ಹೋದರು. ಆಮ್ಲಜನಕದ ಮಷೀನನ್ನು ಬಾಡಿಗೆಗೆ ಕೊಟ್ಟವರು ಬಂದು ಒಯ್ದರು. ಮನೆಯಲ್ಲಿ ಗುಂಯ್ ಎನ್ನುವ ಸದ್ದಿಲ್ಲ. ಆ ನಿಶ್ಶಬ್ದಕ್ಕೆ ಅವಳು ಬೆಚ್ಚಿ ಬೆಚ್ಚಿ ಏಳುತ್ತಿದ್ದಳು.

ಕ್ಲಾಸಿಗೆ ಹೋಗಲಿಲ್ಲ.

"ಮೇಷ್ಟ್ರು ನಿನ್ನ ಕೇಳಿದ್ರು," ಎಂದರು ಇನ್‌ಚಾರ್ಜ್ ಅಮ್ಮ, ಕತ್ತರಿಗಳನ್ನು ಜೋಡಿಸುತ್ತ. "ನಿಮ್ಮಮ್ಮ ಹೋದ ವಿಷಯ ಹೇಳ್ದೆ. ಯಾವತ್ತು ಅಂದ್ರು. ಶುಕ್ರವಾರ, ಆದ್ರೆ ಗುರುವಾರನೇ ತೀರ್ಮಾನ ಆಗಿತ್ತು ಅಂದೆ. ಆತ ಹಾಗೇ ಕುರ್ಚಿ ಮೇಲೆ ಕೂತುಬಿಟ್ರು ಕಣೇ. ಅವತ್ತು ಪಾಠನೇ ಮಾಡ್ಲಿಲ್ಲ."

"ಕೂತ್ಕೊಳ್ಳಲಿ," ಎಂದಳು ಅವಳು. "ಕುರ್ಚಿ ಇರೋದು ಅದಕ್ಕೇ."

ಅವನು ನೆಲಮಾಳಿಗೆಗೆ ಬಂದ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಟ್ರೇ ತಂದವರ ಸಾಲಿನಲ್ಲಿ ನಿಂತು ಕೊಳೆ ಕಿಟಕಿಯ ಮುಂದೆ ಬಂದಾಗ ಅವಳು ಮಾಸ್ಕಿನ ಮೇಲಿಂದ ನೋಡಿದಳು. ಬರಿಗೈ.

"ನಾನು ಅವತ್ತು..."

"ಕೊಳೆ ಸಾಮಾನಿದ್ರೆ ಕೊಡಿ ಮೇಷ್ಟ್ರೇ. ಇಲ್ಲದಿದ್ರೆ ಜಾಗ ಬಿಡಿ, ಹಿಂದೆ ಜನ ಇದ್ದಾರೆ."

"ನಂಗೆ ಗೊತ್ತಿರ್ಲಿಲ್ಲ. ಕ್ಷಮಿಸಿ. ಆ ಚಪ್ಪಾಳೆ ವಾಪಸ್ ತಗೊಳ್ಳೋಕಾಗಿದ್ರೆ..."

"ಈ ಕಿಟಕಿಯಿಂದ ಬಂದದ್ದು ಈ ಕಿಟಕಿಯಿಂದ ವಾಪಸ್ ಹೋಗಲ್ಲ. ಇಲ್ಲಿನ ನಿಯಮ. ನಿಮ್ಮದೊಂದು ನಿಯಮ ಇದ್ದ ಹಾಗೆ."

ಕಿಟಕಿಯ ಗಾಜನ್ನು ಎಳೆದುಬಿಟ್ಟಳು. ಅವನು ಹೊರಟುಹೋದ. ಆ ಸಂಜೆ ಬಟ್ಟೆ ಸುತ್ತುವಾಗ ಅವಳು ಒಂದು ಇಕ್ಕಳವನ್ನು ಒಳಗಿಡಲು ಮರೆತಳು. ಇಷ್ಟು ವರ್ಷದಲ್ಲಿ ಅಂಥ ತಪ್ಪು ಆಗಿರಲಿಲ್ಲ.

*ನನ್ನ ಮುಖ ನೋಡಿದ. ನೋಡಿಯೂ ತಟ್ಟಿದ. ಮುಖ ಓದಲು ಬಾರದವನು ಎಂಥ ಮೇಷ್ಟ್ರು!*

ಎರಡು ವಾರ ಕಳೆದವು. ಊಟದ ಹೊತ್ತಲ್ಲಿ ಡ್ರೈವರ್ ತಟ್ಟೆ ಹಿಡಿದು ಎದುರಿಗೆ ಬಂದು ಕೂತ.

"ನೀನು ಬಿಟ್ಟ ಮೇಲೆ ಕ್ಲಾಸು ಸಪ್ಪೆ ಕಣಮ್ಮ. ಮೇಷ್ಟ್ರು ಚಪ್ಪಾಳೆ ನಿಲ್ಸಿಬಿಟ್ರು. ಸುಳ್ಳೂ ಬೇಡ ಅಂದ್ರು. ಯಾರಾದ್ರೂ ವಾಕ್ಯ ಹೇಳಿದ್ರೆ ಮುಖಾನೇ ದಿಟ್ಟಿಸಿ, ಇದು ನಿಜಾನಾ ಅಂತ ಮೊದಲು ಕೇಳ್ತಾರೆ. ಪೊಲೀಸ್ ಸ್ಟೇಷನ್ ಆಗಿದೆ."

ಅವಳು ಅನ್ನ ಕಲಸುತ್ತಲೇ ಇದ್ದಳು.

ಡ್ರೈವರ್ ದನಿ ತಗ್ಗಿಸಿದ. "ಅವತ್ತು ನಾನೂ ಮೇಜು ಗುದ್ದಿದೆ. ನಿಮ್ಮಮ್ಮನ ವಿಷಯ ತಿಳಿದ ಮೇಲೆ ನಂಗೆ ಊಟ ಇಳೀಲಿಲ್ಲ. ಆದ್ರೂ ಒಂದು ಮಾತು. ಆ ಕೋಣೆಯಲ್ಲಿ ಯಾವುದು ನಿಜ ಅಂತ ಯಾರಿಗೆ ತಾನೇ ಹೇಗೆ ಗೊತ್ತಾಗ್ಬೇಕು? ಮೇಷ್ಟ್ರು ಯಾರಿಗೋ ಮನಸೋತಿದೀನಿ ಅಂದಾಗ ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನೀನೇ ಅಲ್ವಾ?"

ಅವಳು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

ಅವಳ ನಿಜ ಆ ಕೋಣೆಯಲ್ಲಿ ಸುಳ್ಳಾಗಿ ಹೋಯಿತಲ್ಲ... ಅವನದು?

*ಅದು ಸುಳ್ಳಲ್ಲ ಕಣೇ.* ಅಮ್ಮನ ದನಿ. ತೂಗಿ ನೋಡು ಎಂದಿದ್ದಳು. ಅವಳು ತೂಗಿರಲಿಲ್ಲ. ತಟ್ಟಿದ್ದಳು.

*

ಅಂದು ಗುರುವಾರ. ಪಾಳಿ ಮುಗಿಸಿ ಅವಳು ಮೀಟಿಂಗ್ ಕೋಣೆಗೆ ಬಂದಾಗ ಎಲ್ಲರೂ ಹೋಗಿಯಾಗಿತ್ತು. ಅವನು ಹಲಗೆ ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೆಳಗಿಟ್ಟ. ಈ ಕೆಲವು ವಾರಗಳಲ್ಲಿ ಕೆನ್ನೆ ಇಳಿದಿತ್ತು.

"ಕ್ಲಾಸ್ ಮುಗೀತು," ಎಂದ ಮೆಲ್ಲಗೆ.

"ಗೊತ್ತು. ಅದಕ್ಕೇ ಈಗ ಬಂದೆ."

ಅವಳು ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಅವನು ನಿಂತೇ ಇದ್ದ.

"ಅವತ್ತು ನನ್ನ ಮುಖ ನೋಡಿಯೂ ಹೇಗೆ ತಟ್ಟಿದ್ರಿ?"

"ಮುಖ ನೋಡ್ಲಿಲ್ಲ," ಎಂದ. ತಪ್ಪಿಸಿಕೊಳ್ಳುವ ಪ್ರಯತ್ನ ಮಾಡಲಿಲ್ಲ. "ಬಾಯಿ ನೋಡ್ತಿದ್ದೆ. 'ಅಪ್' ಹೇಳಿದ್ರಿ. ಇನ್ನು 'ಆನ್' ಹೇಳ್ತಾರಾ ಇಲ್ವಾ ಅಂತ ಕಾಯ್ತಿದ್ದೆ. ಹೇಳಿದ್ರಿ. ಅಷ್ಟೇ ಕೇಳಿಸಿದ್ದು ನಂಗೆ. ಆಮೇಲಿನ ಪದ ಅಮ್ಮ ಅಂತ ಕಿವಿಗೆ ಬಿತ್ತು... ಮನಸ್ಸಿಗೆ ಬೀಳಲಿಲ್ಲ. ಇಷ್ಟು ವರ್ಷ ಪಾಠ ಮಾಡಿ ಮಾಡಿ, ಜನ ಏನು ಹೇಳ್ತಿದಾರೆ ಅನ್ನೋದನ್ನ ಕೇಳೋದೇ ಮರೆತಿದೀನಿ."

ಹೊರಗೆ ಕಾರಿಡಾರಿನಲ್ಲಿ ಸ್ಟ್ರೆಚರ್ ಒಂದರ ಗಾಲಿ ಕಿರುಗುಟ್ಟುತ್ತ ಹೋಯಿತು.

"ನಾನು ಯಾರಿಗಾದ್ರೂ ಹೇಳ್ಬೇಕಿತ್ತು," ಎಂದಳು. "ಇನ್ನೂ ಹೇಳೋಕಾಗಿಲ್ಲ."

ಅವನು ಎದುರಿನ ಕುರ್ಚಿ ಎಳೆದು ಕೂತ. ಈ ಸಲ ಅವಳ ಬಾಯಿಯನ್ನಲ್ಲ, ಕಣ್ಣುಗಳನ್ನು ನೋಡಿದ.

"ಒಂದು ನಿಜ ಹೇಳಿ."

ಅವಳು ಹೇಳಿದಳು. ಕನ್ನಡದಲ್ಲೇ ಹೇಳಿದಳು. ತೊಳೆದ ಬ್ಲೇಡಿನ ವಿಷಯ, ಡಾಕ್ಟರಮ್ಮ ತನ್ನ ಕಡೆ ತಿರುಗಿದ್ದು, ತಾನು ತಲೆಯಾಡಿಸಿದ್ದು. ಬೇಡ ಅಂದಿದ್ದರೆ ಅಮ್ಮ ಇನ್ನೂ ಒಂದು ವಾರ ಇರುತ್ತಿದ್ದಳೇನೋ. ಕಣ್ಣು ತೆರೆಯುತ್ತಿದ್ದಳೇನೋ. ಮಷೀನು ತೆಗೆದ ಮೇಲೆ ಅಮ್ಮನ ಎದೆ ಏರಿಳಿಯುವಾಗ, ಬೇಗ ನಿಲ್ಲಲಿ ಎಂದು ತನಗೆ ಅನ್ನಿಸಿದ್ದು. ಅದನ್ನು ಹೇಳುವಾಗ ಅವಳ ಕೈ ನಡುಗಿತು. ಇಷ್ಟು ದಿನ ನಡುಗದ ಕೈ!

ಅವನು ನಡುವೆ ಬಾಯಿ ಹಾಕಲಿಲ್ಲ. ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ.

"ನೀವು ಮಾಡಿದ್ದು ಸರಿ ಅಂತ ಹೇಳೋಕೆ ನಾನ್ಯಾರು?" ಎಂದ ಕೊನೆಗೆ. "ಹೇಳಿದ್ರೂ ನೀವು ನಂಬಲ್ಲ. ಆದ್ರೆ ಕೇಳಿದೀನಿ. ಪೂರ್ತಿ ಕೇಳಿದೀನಿ. ಇನ್ಮೇಲೆ ಇದು ನಿಮ್ಮೊಬ್ಬರಿಗೇ ಗೊತ್ತಿರೋ ವಿಷಯ ಅಲ್ಲ."

ಆಗ ಅವಳು ಅತ್ತಳು. ಅಮ್ಮ ಹೋದ ಮೇಲೆ ಮೊದಲ ಸಲ. ಅವನು ಕೈಯನ್ನು ಮೇಜಿನ ಮೇಲಿಟ್ಟ. ಅಂಗೈ ಮೇಲೆ ಮಾಡಿ, ಸುಮ್ಮನೆ. ಅವಳ ಕೈಯನ್ನು ಹುಡುಕಿಕೊಂಡು ಬರಲಿಲ್ಲ ಆ ಕೈ. ಬಹಳ ಹೊತ್ತಾದ ಮೇಲೆ ಅವಳೇ ತನ್ನ ಸುಕ್ಕು ಬೆರಳುಗಳನ್ನು ಅದರ ಮೇಲಿಟ್ಟಳು.

ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ಯಾರೂ ದೀಪ ಹಾಕಲಿಲ್ಲ.

"ಮೇಷ್ಟ್ರೇ..."

"ಹೇಳಿ."

"ಅವತ್ತು ನೀವು ಮನಸೋತಿದೀನಿ ಅಂದ್ರಲ್ಲ... ಕ್ಯಾಂಟೀನ್ ಅಜ್ಜೀನಾ?"

ಅವನು ನಕ್ಕ. ಆ ಗಂಭೀರ ಮುಖ ಮತ್ತೆ ಬದಲಾಯಿತು. ಆದರೆ ಕಣ್ಣು ಒದ್ದೆಯಾಗಿತ್ತು.

"ಅಲ್ಲ. ನೀವು ಚಪ್ಪಾಳೆ ತಟ್ಟಿದ್ರಿ. ತುಂಬಾ ಜೋರಾಗಿ. ಸರಿ, ಉತ್ತರ ಸಿಕ್ತು ಅಂದ್ಕೊಂಡೆ."

"ನಂಗೆ ಗೊತ್ತಾಗ್ಲಿಲ್ಲ. ಅಮ್ಮಂಗೆ ಗೊತ್ತಾಗಿತ್ತು," ಎಂದಳು. "ಅದು ಸುಳ್ಳಲ್ಲ ಕಣೇ ಅಂದಿದ್ಳು."

ಅವನು ತಲೆ ತಗ್ಗಿಸಿದ. ಒಮ್ಮೆಯೂ ನೋಡದ ಆ ಹೆಂಗಸಿನ ಮುಂದೆ ನಿಂತವನ ಹಾಗೆ.

"ನಿಮ್ಮನ್ನ ನೋಡ್ಕೋತೀನಿ," ಎಂದ. "ನೀವು ಬೇಡ ಅನ್ನೋವರೆಗೂ."

"ಸುಳ್ಳಾ?"

"ಕ್ಲಾಸ್ ಮುಗಿದು ತುಂಬಾ ಹೊತ್ತಾಯ್ತು."

ಅವಳು ಕೈ ತೆಗೆಯಲಿಲ್ಲ.